ನಾಳೆಯ ಫ್ಲೆಕ್ಸ್

"ನನ್ನ ಫ್ಲೆಕ್ಸ್ ಇನ್ನೂ ಯಾಕ ಬರವಲ್ದವಾ?" ಈರಪ್ಪ ಮತ್ತೆ ಕೇಳಿದ.

ನಾಳೆ ಸಾಯುವವರ ಶ್ರದ್ಧಾಂಜಲಿ ಫ್ಲೆಕ್ಸ್ ಇವತ್ತೇ ಸರ್ವರ್‌ನಿಂದ ಸುಮಿತ್ರಾಳ ಅಂಗಡಿಗೆ ಬರುತ್ತದೆ. ಅವಳು ಅಚ್ಚು ಹಾಕಿ ಕೊಡುತ್ತಾಳೆ, ಸಾಯುವವರೇ ಒಯ್ದು ಸಂಜೆಯೊಳಗೆ ಸರ್ಕಲ್ಲಿನಲ್ಲಿ ಕಟ್ಟಿಕೊಳ್ಳುತ್ತಾರೆ. ಅಚ್ಚಿಗೆ ಕಾದಿದ್ದ ಸಾಲಿನಲ್ಲಿ ಮೊದಲ ಹೆಸರು ನೋಡಿ ಬೆಳಿಗ್ಗೆ ಅವಳೇ ಈರಪ್ಪನಿಗೆ ಫೋನ್ ಮಾಡಿದ್ದಳು. ಅವನು ಮೀಸೆ ತಿದ್ದಿಸಿಕೊಂಡು, ಹಗ್ಗ ಹಿಡಿದು ಬಂದಿದ್ದ.

"ಸಂಜೀಕ ಕಟ್ಟಲಿಲ್ಲಂದ್ರ ನನ್ನ ಮಣ್ಣಿಗೆ ಯಾರ್ ಬರ್ತಾರ?"

"ರಾತ್ರಿ ಕಂಪ್ಯೂಟರಿನ ಲಿನಕ್ಸ್ ಅಪ್‌ಗ್ರೇಡ್ ಆಗೇತಿ ಕಾಕಾ. ಆವಾಗಿಂದ ಪ್ರಿಂಟರ್ ಮಾತ ಕೇಳವಲ್ದು."

ಸುಮಿತ್ರಾ ಕೇಬಲ್ ಕಿತ್ತು ಚುಚ್ಚಿದಳು, ಪ್ರಿಂಟರಿನ ಡ್ರೈವರ್ ಸಾಫ್ಟ್‌ವೇರ್ ಬದಲಿಸಿದಳು. ಪ್ರಿಂಟ್ ಸರ್ವಿಸ್ ಚಾಲೂ ಮಾಡಿದರೆ ಮರುಕ್ಷಣವೇ ನಿಲ್ಲುತ್ತಿತ್ತು. ಅಪ್‌ಗ್ರೇಡ್ ಕಳಿಸಿದವರನ್ನು ಬೈಯುತ್ತ ನಡೆದದ್ದನ್ನೆಲ್ಲ ಕಂಪ್ಯೂಟರ್ ಬರೆದಿಡುವ ಲಾಗ್ ತೆರೆದು ನೋಡಿದಳು. ತಪ್ಪು ಅಪ್‌ಗ್ರೇಡಿನದಲ್ಲ. ಅಚ್ಚಾಗಬೇಕಾದ ಫೈಲುಗಳೇ ಡಿಸ್ಕ್ ತುಂಬಿಬಿಟ್ಟಿದ್ದವು.

ಒಂದೇ ಫೈಲು ಹತ್ತಾರು ಸಲ ಬಂದಿರಬೇಕು ಅಂದುಕೊಂಡು ಸಾಲನ್ನು ಕೆಳಕ್ಕೆ ಸರಿಸಿದಳು. ಯಾವ ಮುಖವೂ ಎರಡು ಸಲ ಇರಲಿಲ್ಲ. ಎದುರಿನ ಗಿರಣಿಯ ಹುಸೇನಿ ಇದ್ದ. ಅವನ ಹೆಂಡತಿ, ಅವಳ ಕಂಕುಳಲ್ಲಿರುವ ಕೂಸು ಇದ್ದರು. ಓಣಿ ಮುಗಿದು ಪೇಟೆ ಶುರುವಾಯಿತು. ಪೇಟೆ ಮುಗಿದರೂ ಸಾಲು ಮುಗಿಯಲಿಲ್ಲ. ನಡುವೆ ಎಲ್ಲೋ ಅವಳದೇ ಫೋಟೊ ನಗುತ್ತಿತ್ತು. ಎಲ್ಲದರಲ್ಲೂ ನಾಳೆಯ ತಾರೀಖು.

ಈರಪ್ಪನದೊಂದನ್ನು ಬಿಟ್ಟು ಉಳಿದವನ್ನೆಲ್ಲ ಅವಳು ಅಳಿಸಿದಳು. ಡಿಸ್ಕ್ ಖಾಲಿಯಾಗಿ ಪ್ರಿಂಟರ್ ಗರ್ರೆಂದು ಎದ್ದಿತು.

ಹಸಿ ಬಣ್ಣ ಅಂಟದಂತೆ ಈರಪ್ಪ ಫ್ಲೆಕ್ಸ್ ಸುತ್ತಿಕೊಂಡ. "ಚಂದ ಬಂದೇತಿ. ನಾಳೆ ಮಂದಿ ಬರ್ತಾರಲ್ಲವಾ?"

"ಬರ್ತಾರ ಕಾಕಾ," ಅಂದಳು ಸುಮಿತ್ರಾ, ಗಿರಣಿಯ ಕಡೆ ನೋಡುತ್ತ. "ಒಬ್ರೂ ಉಳಿಯಂಗಿಲ್ಲ."