ಮಾಲಿನಿಯ ಸಲಮಾಂಡರ್

ನಡುಮನೆಯಲ್ಲಿದ್ದ ಗಾಜಿನ ಪೆಟ್ಟಿಗೆಯೊಳಗೆ, ಒದ್ದೆ ಪಾಚಿಯ ಮೇಲೆ ಒಂದು ಸಲಮಾಂಡರ್ ಮಲಗಿರುತ್ತಿತ್ತು. ಆಕಾರ ಹಲ್ಲಿಯದು, ಮೈ ಮಾತ್ರ ಕಪ್ಪೆಯದು. ತೀರಿಹೋದ ಮೊದಲ ಹೆಂಡತಿ ಮಾಲಿನಿ ಸಾಕಿದ್ದ ಪ್ರಾಣಿ. ಗಂಡ ಅದಕ್ಕೆ ಮಾಡುತ್ತಿದ್ದ ಉಪಚಾರ ನೋಡಿ, ಎರಡನೆಯವಳಾಗಿ ಬಂದ ಸೌಭಾಗ್ಯಳ ಹೊಟ್ಟೆ ಉರಿಯುತ್ತಿತ್ತು. ನಲ್ಲಿ ನೀರಿನ ಕ್ಲೋರಿನ್ ಆಗದೆಂದು ಅದಕ್ಕೆ ಒಂದು ದಿನವಿಡೀ ಬಕೆಟ್ಟಿನಲ್ಲಿ ಹಿಡಿದಿಟ್ಟ ನೀರು. ಎರೆಹುಳು ತಿನ್ನಿಸಲು ಉದ್ದನೆಯ ಚಿಮಟ. ಅವನು ಅದನ್ನು ಕೈಯಿಂದ ಮುಟ್ಟಿದ್ದೇ ಇಲ್ಲ.

"ಮುಟ್ಟಿದ್ರೆ ಸವೆದುಹೋಗ್ತಾಳೇನ್ರೀ ನಿಮ್ಮ ರಾಣಿ? ಅವಳಿಗೆ ಎ.ಸಿ., ನಂಗೆ ಫ್ಯಾನು!"

"ಸೆಕೆ ತಡೆಯೋಲ್ಲ ಕಣೆ ಅದು. ಬಿಸಿಲು ಬಿದ್ರೆ ಸತ್ತೇಹೋಗುತ್ತೆ."

ಸೌಭಾಗ್ಯ ದಿನವೂ ಪೆಟ್ಟಿಗೆಯ ಮುಂದೆ ಕುಳಿತು ಅದನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದಳು.

ಮದುವೆಯಾಗಿ ಒಂದು ವರ್ಷ ತುಂಬಿದ ದಿನ, ಬೆಳಿಗ್ಗೆ ಎದ್ದವನೇ ಗಂಡ ಎರೆಹುಳು ತರಲು ಹೊರಟುಹೋದ. ಅವಳು ಪೆಟ್ಟಿಗೆಯನ್ನು ಬಾಲ್ಕನಿಯ ಬಿಸಿಲಿಗೆ ಎಳೆದಿಟ್ಟಳು. ಮಧ್ಯಾಹ್ನ ಮತ್ತೆ ಒಳಗೆ ತಂದಿಟ್ಟಾಗ ಸಲಮಾಂಡರ್ ಅಲುಗಾಡಲಿಲ್ಲ.

ಗಂಡ ಬಂದು ನೋಡಿದ. ಬೈಗುಳಕ್ಕೆ ಸಿದ್ಧಳಾಗಿ ಸೌಭಾಗ್ಯ ತಲೆ ತಗ್ಗಿಸಿದಳು. ಅವನು ಎರೆಹುಳುವಿನ ಪೊಟ್ಟಣವನ್ನು ಕೆಳಗಿಟ್ಟು, ಪಕ್ಕದಲ್ಲಿ ಕುಳಿತು ಅವಳ ಬೆನ್ನು ಸವರಿದ.

"ಅಳಬೇಡ ಕಣೆ. ಆ ಲೋಳೆ ಮೈ ಕಂಡ್ರೆ ನಂಗೆ ಮೊದಲಿಂದ್ಲೂ ಹೇಸಿಗೆ. ಮಾಲಿನಿ ಹೋದ ಮೇಲೆ ಯಾರಿಗಾದ್ರೂ ಕೊಟ್ಟುಬಿಡೋಣ ಅಂತಿದ್ದೆ. ನೀನು ಬಂದ ದಿನದಿಂದ ಅದರ ಮುಂದೆ ಕೂತಿರೋದು ನೋಡಿ, ನಿಂಗೆ ಅದಂದ್ರೆ ಪ್ರಾಣ ಅಂತ ಮನೇಲೇ ಇಟ್ಕೊಂಡೆ."