ಒಳಗಿನ ಚಿಲಕ

"ಏನ್ರೀ ಇದು! ಚಿಲಕ ಒಳಗಡೆ ಹಾಕಿದ್ದೀರಲ್ಲ!"

ಹೆಂಡತಿಯ ಕೂಗಿಗೆ ಬಡಗಿ ಬೆಚ್ಚಿಬಿದ್ದು ನೋಡಿದ. ಹೌದು, ಅಮ್ಮನ ಶವಪೆಟ್ಟಿಗೆಯ ಮುಚ್ಚಳದ ಒಳಮೈಯಲ್ಲಿ ಕಬ್ಬಿಣದ ಚಿಲಕ ಗಟ್ಟಿಯಾಗಿ ಕೂತಿತ್ತು. ಮಲಗುವ ಕೋಣೆಗೆ, ಬಚ್ಚಲಮನೆಗೆ ಬಾಗಿಲು ಮಾಡಿ ಮಾಡಿ ಪಳಗಿದ ಕೈ. ಚಿಲಕವೆಂದರೆ ಒಳಗಿರಬೇಕು ಎಂಬುದಷ್ಟೇ ಅದಕ್ಕೆ ಗೊತ್ತು. ಶವಪೆಟ್ಟಿಗೆ ಮಾಡಿದ್ದು ಇದೇ ಮೊದಲು. ಅದೂ ಅಮ್ಮ ಬದುಕಿರುವಾಗಲೇ, ಅವಳೇ ಹಟ ಹಿಡಿದು ಮಾಡಿಸಿದ್ದು. "ಊರಿಗೆಲ್ಲ ಬಾಗಿಲು ಮಾಡಿಕೊಟ್ಟೋನ ತಾಯಿ ಅಂಗಡಿ ಪೆಟ್ಟಿಗೆಯಲ್ಲಿ ಹೋಗ್ಬೇಕಾ?" ಎಂದು ಅವಳು, ಡಾಕ್ಟರು ಕೈಚೆಲ್ಲಿ ಮನೆಗೆ ಕಳಿಸಿದ ದಿನವೇ, ಕೇಳಿದ್ದಳು.

ಅಮ್ಮ ಎಲ್ಲದಕ್ಕೂ ಸ್ತೋತ್ರ ಹೇಳುವವಳು. ಗಂಡ ತೀರಿಕೊಂಡ ಮೇಲೆ ಹೊಲಿಗೆ ಯಂತ್ರ ತುಳಿದು ತುಳಿದು ಮಗನನ್ನು ಸಾಕಿದಳು. ಯಂತ್ರ ಕೆಟ್ಟರೆ, "ಸ್ತೋತ್ರ ಕರ್ತನೇ, ಕಾಲಿಗೆ ಒಂದಿನ ರಜ ಕೊಟ್ಟೆ" ಎನ್ನುತ್ತಿದ್ದಳು. ಮಗನಿಗೆ ಆ ಬಾಯಿ ಬರಲಿಲ್ಲ. ಡಾಕ್ಟರು ಕೈಚೆಲ್ಲಿದಂದಿನಿಂದ ಸಂಜೆಯ ಪ್ರಾರ್ಥನೆಗೆ ಅವನು ಆಮೆನ್ ಕೂಡ ಹೇಳುತ್ತಿರಲಿಲ್ಲ. ಹೇಳಿದರೆ, ಅಮ್ಮ ಹೋಗುವುದಕ್ಕೆ ತಾನೇ ಒಪ್ಪಿಗೆ ಕೊಟ್ಟಂತಾಗುತ್ತದೆ ಎಂಬ ಭಯ.

ಅವನು ಸ್ಕ್ರೂಡ್ರೈವರ್‌ಗೆ ಕೈ ಹಾಕುವಷ್ಟರಲ್ಲಿ ಒಳಕೋಣೆಯಿಂದ ಅಮ್ಮನ ದನಿ ಬಂತು. "ಏನೋ ಅದು ಗಲಾಟೆ?"

"ಏನಿಲ್ಲ ಅತ್ತೆ, ನೀವು ಮಲಗಿ."

"ಏನಿಲ್ಲ ಅಂದ್ರೆ ಏನೋ ಇದೆ ಅಂತ. ಮುಚ್ಚಳ ಇಲ್ಲಿ ತಗೊಂಡು ಬನ್ನಿ."

ಇಬ್ಬರೂ ಹೊತ್ತು ತಂದು ಮಂಚದ ಪಕ್ಕ ಒರಗಿಸಿದರು. ಅಮ್ಮ ಚಿಲಕವನ್ನು ನೋಡಿದಳು, ಮಗನ ಮುಖವನ್ನು ನೋಡಿದಳು. ಆಮೇಲೆ ಕೆಮ್ಮು ಬರುವಷ್ಟು ನಕ್ಕಳು.

"ತಪ್ಪಾಯ್ತಮ್ಮ. ತಲೆ ಓಡ್ತಿರಲಿಲ್ಲ. ಈಗಲೇ ಬಿಚ್ತೀನಿ."

"ಬಿಚ್ಚಿದ್ರೆ ನೋಡು! ಕರ್ತ ಬಂದು ಎದ್ದೇಳು ಅಂದಾಗ ಬಾಗಿಲು ತೆಗೆಯೋಕೆ ನಾನು ಯಾರನ್ನ ಕೂಗ್ಲಿ? ಅಷ್ಟೊತ್ತಿಗೆ ನೀನೂ ಪಕ್ಕದಲ್ಲೇ ಮಲಗಿರ್ತೀಯ. ನಿನ್ನ ನಿದ್ದೆ ನಂಗೊತ್ತಿಲ್ವಾ? ಒಂದು ಕೂಗಿಗೆ ಯಾವತ್ತಾದ್ರೂ ಎದ್ದಿದ್ದೀಯ?"

ಸೊಸೆ ಅಳುತ್ತಲೇ ನಕ್ಕುಬಿಟ್ಟಳು. ಮಗನಿಗೆ ನಗು ಬರಲಿಲ್ಲ. ಮಂಚದ ತುದಿಯಲ್ಲಿ ಕುಸಿದು ಕೂತ. "ನಿಂಗೆ ಭಯ ಆಗಲ್ವಾ ಅಮ್ಮಾ?"

"ನಿಮ್ಮನ್ನ ಬಿಟ್ಟು ಹೋಗ್ಬೇಕಲ್ಲ ಅಂತ ಕರುಳು ಚುರ್ ಅನ್ನುತ್ತೆ. ಭಯ ಇಲ್ಲ ಕಣೋ. ನಿಮ್ಮಪ್ಪ ಹೋದ್ಮೇಲೆ ನಮ್ಮಿಬ್ಬರನ್ನ ಇಲ್ಲೀತನಕ ಕೈ ಹಿಡಿದು ನಡೆಸಿದೋನು, ಆ ಒಂದು ಹೊಸ್ತಿಲು ದಾಟುವಾಗ ಕೈ ಬಿಡ್ತಾನಾ?" ಎಂದು ಅಮ್ಮ ಚಿಲಕವನ್ನು ಬೆರಳಿನಿಂದ ತಳ್ಳಿದಳು. ಅದು ಅಲುಗಲಿಲ್ಲ. "ಬಿಗಿ ಇದೆ. ಆವತ್ತು ನನ್ನ ಕೈಗೆ ಹೊಸ ಬಲ ಬಂದಿರುತ್ತೆ, ಅದು ಸರಿ. ಆದ್ರೂ ಮಣ್ಣಲ್ಲಿ ತುಕ್ಕು ಹಿಡಿಯುತ್ತಲ್ಲೋ."

ಬಡಗಿ ಎದ್ದು ಹೋಗಿ ಎಣ್ಣೆಯ ಡಬ್ಬಿ ತಂದ. ಒಂದು ಹನಿ ಬಿಟ್ಟು, ಚಿಲಕವನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿದ. ಕಿರುಗುಟ್ಟುವುದು ನಿಂತ ಮೇಲೆ ಅಮ್ಮನ ಬೆರಳನ್ನು ಅದರ ಮೇಲಿಟ್ಟ. ಈ ಸಲ ಸಲೀಸಾಗಿ ಸರಿಯಿತು.

"ಸ್ತೋತ್ರ ಕರ್ತನೇ" ಎಂದಳು ಅಮ್ಮ.

"ಆಮೆನ್" ಎಂದು ಮಗ ಇನ್ನೊಂದು ಹನಿ ಎಣ್ಣೆ ಬಿಟ್ಟ.