ವೆಂಕಮ್ಮತ್ತೆಯ ನಗು

ಕ್ಯಾಮೆರಾದ ಕಿಂಡಿಯಲ್ಲಿ ಇಬ್ಬರಾಗಿ ಕಾಣುತ್ತಿದ್ದ ವೆಂಕಮ್ಮತ್ತೆ, ಮಂಜುನಾಥ ಫೋಕಸ್ ರಿಂಗನ್ನು ಮೆಲ್ಲಗೆ ತಿರುಗಿಸಿದಂತೆ ಒಬ್ಬಳಾದಳು. ಈ ಹಳೇ ರೀಲ್ ಕ್ಯಾಮೆರಾದಲ್ಲಿ ಅವನಿಗೆ ಇದೇ ಖುಷಿ. ಆದರೆ ಇವತ್ತು ಅವನಿಗೆ ಏನೊಂದೂ ಅರ್ಥವಾಗಲಿಲ್ಲ. ಫೋಟೋ ಎಂದರೆ ಬಾಯಿ ಬಿಗಿಹಿಡಿಯುತ್ತಿದ್ದ ಅತ್ತೆ ರಿಪ್ಪನ್‌ಪೇಟೆ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು, ಉದುರಿದ ಎದುರು ಹಲ್ಲುಗಳ ಜಾಗವೂ ಕಾಣುವಂತೆ ನಗುತ್ತಿದ್ದಳು. ಅವನು ಗಾಬರಿಯಲ್ಲೇ ಕ್ಲಿಕ್ಕಿಸಿದ.

“ಇವತ್ತೆಂತ ಅತ್ತೆ, ಇಷ್ಟು ನಗು?”

“ನೀನು ಮುಚ್ಚಳಾನೇ ತೆಗ್ದಿಲ್ವಲ್ಲ ಮಾರಾಯ. ಅದ್ಕೇ ಧೈರ್ಯವಾಗಿ ನಕ್ಕೆ.”

ನೋಡುವ ಕಿಂಡಿ ಲೆನ್ಸಿನ ಪಕ್ಕದಲ್ಲಿ ಬೇರೆಯೇ ಇದ್ದುದರಿಂದ ಅವನಿಗೆ ಗೊತ್ತೇ ಆಗಿರಲಿಲ್ಲ. ಲೆನ್ಸಿನ ಕಪ್ಪು ಮುಚ್ಚಳವನ್ನು ಗಡಿಬಿಡಿಯಲ್ಲಿ ಕಿತ್ತು ಜೇಬಿಗೆ ಹಾಕಿಕೊಂಡು ಮತ್ತೆ ಕಿಂಡಿಗೆ ಕಣ್ಣಿಟ್ಟ.

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, “ಹ್ಞಾಂ, ಈಗ ತೆಗಿ” ಎಂದಳು.